ಎಣ್ಣೆ ಔಷಧಿಯಲ್ಲವಂತೆ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಅತ್ತೆಯ ಹಲ್ಲು ಕೀಳಿಸಬೇಕಿತ್ತು.

“ನರ್ಸ್ ಕೇಳಿದ್ರೆ ಔಷಧಿ ಏನೂ ತಗೊಳ್ಳಲ್ಲ ಅಂದುಬಿಟ್ರಲ್ಲ ಅತ್ತೆ! ದಿನಾ ಆ ಗಿಡಮೂಲಿಕೆ ಎಣ್ಣೆ ಕುಡೀತೀರಲ್ಲ?”

“ಅದು ಎಣ್ಣೆ ಕಣೇ, ಔಷಧಿ ಅಲ್ಲ.”

“ಮಂಡಿನೋವು ಯಾವುದರಿಂದ ಹೋಯ್ತು?”

“ಎಣ್ಣೆಯಿಂದಲೇ!”

“ನೋವು ಕಳೆಯೋ ಎಣ್ಣೆ ರಕ್ತಾನೂ ತೆಳುಮಾಡಬಹುದಲ್ವಾ? ಮೊನ್ನೆ ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡ ನಿಮ್ಮ ಬೆರಳಿಂದ ಸಂಜೆವರೆಗೂ ರಕ್ತ ಸೋರ್ತಿತ್ತು. ಇಲ್ಲಿ ಹಲ್ಲೇ ಕೀಳ್ತಾರೆ.”

“ಗಿಡದ್ದು ಏನು ಮಾಡುತ್ತೆ?”

“ವಿಷದ ಕಾಯಿ ಬಿಡೋದೂ ಗಿಡವೇ. ಬಾಟ್ಲಿ ತಂದಿದೀನಿ. ನೀವು ಹೇಳದಿದ್ರೆ ನಾನೇ ಹೇಳ್ತೀನಿ.”

ಅಷ್ಟರಲ್ಲಿ ಒಳಗಿಂದ ಕರೆದರು. ಬಾಗಿಲ ತನಕ ಬಿರಬಿರನೆ ಹೋದ ಅತ್ತೆ, ತಿರುಗಿ ಬಂದು ಕೈ ಚಾಚಿದರು.

“ಬಾಟ್ಲಿ ಕೊಡು ಇಲ್ಲಿ. ನೀನು ಹೇಳಿದ್ರೆ ಚಾಡಿ ಆಗುತ್ತೆ.”