ನಕ್ಷೆಯಲ್ಲಿಲ್ಲದ ಏಳು ಪೈಪುಗಳು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಬೇಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕ ಕೂತಿರುವ ನನ್ನ ವಿದ್ಯಾರ್ಥಿಗಳೇ, ಸಭಿಕರೇ,

ಈಗ ಓದಿದ ಬಿನ್ನವತ್ತಳೆಯಲ್ಲಿ ನನ್ನ ಬಗ್ಗೆ ಬಹಳ ಒಳ್ಳೆಯ ಮಾತುಗಳಿವೆ. ಕೇಳುತ್ತಾ ಕೂತಾಗ, ಯಾರಪ್ಪ ಈ ಹೆಂಗಸು, ಒಮ್ಮೆ ನೋಡಬೇಕಲ್ಲ ಅನ್ನಿಸಿತು. ಅದರ ಮೂರನೆಯ ಸಾಲು ಹೀಗಿದೆ: 'ಮಳೆಗಾಲದಲ್ಲಿ ರಸ್ತೆ ಮುಚ್ಚಿಸಿ, ಅಳಿದುಹೋಗಲಿದ್ದ ಕಪ್ಪೆ, ಆಮೆಗಳ ಸಂತತಿಯನ್ನು ಉಳಿಸಿದವರು.' ನಾನು ಆ ಒಂದು ಸಾಲಿನ ಬಗ್ಗೆ ಮಾತ್ರ ಮಾತಾಡಬೇಕು. ಬರೆದು ತಂದ ಭಾಷಣ ಚೀಲದಲ್ಲೇ ಇದೆ. ಅದನ್ನು ಓದಿದರೆ ಸುಳ್ಳಾಗುತ್ತದೆ. ಓದದಿದ್ದರೆ ಏನು ಹೇಳಬೇಕೆಂದು ನನಗೂ ಸರಿಯಾಗಿ ಗೊತ್ತಿಲ್ಲ.

ಎದುರಿಗೆ ನನ್ನನ್ನು 'ಡಾಕ್ಟರ್' ಅನ್ನುತ್ತಾರೆ, ಬೆನ್ನ ಹಿಂದೆ 'ಕಪ್ಪೆ ಮೇಡಂ' ಅನ್ನುತ್ತಾರೆ. ಎರಡನೆಯದೇ ವಾಸಿ. ಮೊದಲನೆಯದನ್ನು ನಂಬಿ ಪಕ್ಕದ ಮನೆಯ ಅಜ್ಜಿ ಒಮ್ಮೆ ಹಲ್ಲುನೋವು ತೋರಿಸಲು ಬಂದಿದ್ದರು.

ಹದಿನಾಲ್ಕು ವರ್ಷಗಳ ಹಿಂದೆ ಕಾಡಿಗೂ ಜೌಗಿಗೂ ನಡುವೆ ಹೊಸ ರಸ್ತೆ ಬಂತು. ಮಳೆ ಹಿಡಿದ ಕೂಡಲೇ ಕಾಡಿನ ಕಪ್ಪೆಗಳು ಮೊಟ್ಟೆ ಇಡಲು ಜೌಗಿಗೆ ಇಳಿಯುತ್ತವೆ. ರಸ್ತೆ ದಾಟದೆ ಬೇರೆ ದಾರಿಯಿಲ್ಲ. ಹನ್ನೊಂದು ದಿನ ಬೆಳಿಗ್ಗೆ ನಾನು ಅಲ್ಲಿ ಸತ್ತವನ್ನು ಎಣಿಸಿದೆ. ಎರಡು ಸಾವಿರಕ್ಕೂ ಹೆಚ್ಚು ಕಪ್ಪೆ, ನಲವತ್ತು ಆಮೆ, ಕಪ್ಪೆ ತಿನ್ನಲು ಬಂದು ತಾವೂ ಸತ್ತ ಹಾವುಗಳು. ಏಳು ಕಡೆಯಂತೂ ಕಾಲಿಡಲು ಜಾಗವಿರಲಿಲ್ಲ. ಆ ಏಳು ಜಾಗಗಳಿಗೆ ನನ್ನ ಪುಸ್ತಕದಲ್ಲಿ ಕೆಂಪು ಗುರುತು ಹಾಕಿದೆ. ಪುಸ್ತಕ ಮನೆಯ ಊಟದ ಮೇಜಿನ ಮೇಲೇ ಬಿದ್ದಿರುತ್ತಿತ್ತು.

ಆ ರಸ್ತೆ ಮಾಡಿಸಿದ ಎಂಜಿನಿಯರ್ ಅದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ನಮ್ಮ ಮನೆಯವರು.

ವಿಚಾರಣೆಗೆ ಸಮಿತಿ ಕೂತಿತು. 'ಪ್ರಾಣಿಗಳ ಓಡಾಟ ಗಮನಿಸದೆ ರಸ್ತೆ ಮಾಡಿದ ಹೊಣೆ ಯಾರದು?' ಎಂದು ಕೇಳಿದರು. ನಾನು ಹುದ್ದೆಯ ಹೆಸರು ಹೇಳಿದೆ. ಮನುಷ್ಯನ ಹೆಸರು ಹೇಳಲಿಲ್ಲ. ಅವರು ನಾಲ್ಕು ಕುರ್ಚಿ ಆಚೆ ಕೂತಿದ್ದರು. ನಾನು ಹೇಳಿದ್ದು ಸುಳ್ಳೇ? ಅಲ್ಲ. ಹೇಳಬಾರದಿತ್ತೇ? ಹೇಳಲೇಬೇಕಿತ್ತು. ಹಾಗಿದ್ದರೆ ಸಭೆ ಮುಗಿದ ಮೇಲೆ ಒಂದೇ ಮನೆಗೆ ಹೋಗುವ ನಾವಿಬ್ಬರೂ ಬೇರೆ ಬೇರೆ ಬಸ್ಸು ಹತ್ತಿದ್ದು ಯಾಕೆ? ಕ್ಷಮಿಸಿ, ಇದು ಈ ಸಭೆಗೆ ಬೇಕಿರಲಿಲ್ಲ.

ಮಳೆಗಾಲದಲ್ಲಿ ಎರಡು ತಿಂಗಳು ರಸ್ತೆ ಮುಚ್ಚಬೇಕೆಂದು ಆದೇಶವಾಯಿತು. ಗೇಟು ಹಾಕಿದರು. ನಮ್ಮ ಮನೆಯವರನ್ನು ಇಲಾಖೆಯ ಉಗ್ರಾಣಕ್ಕೆ ವರ್ಗ ಮಾಡಿದರು. ಸೇತುವೆ ಕಟ್ಟಿದ್ದ ಮನುಷ್ಯ ನಿವೃತ್ತಿಯವರೆಗೂ ನಟ್ಟು ಬೋಲ್ಟು ನೋಡಿಕೊಂಡಿದ್ದರು. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಇತ್ತ ಜೌಗಿನಲ್ಲಿ ಕಪ್ಪೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದವು. ರಸ್ತೆ ಮುಚ್ಚಿದ್ದರಿಂದಲೇ ಇದಾಯಿತು ಎಂದು ನಾನು ಪ್ರಬಂಧ ಬರೆದೆ. ನೀವೆಲ್ಲ ಮೆಚ್ಚಿದಿರಿ.

ಹದಿನೈದು ದಿನದ ಹಿಂದೆ ರಸ್ತೆ ಇಲಾಖೆಯ ಹೊಸ ಎಂಜಿನಿಯರ್, ಚಿಕ್ಕ ವಯಸ್ಸಿನ ಹುಡುಗಿ, ಫೋನ್ ಮಾಡಿದಳು. 'ಮೇಡಂ, ರಸ್ತೆ ಅಗಲ ಮಾಡ್ತಿದ್ದೀವಿ. ನಕ್ಷೇಲಿ ಇಲ್ಲದ ಏಳು ಪೈಪು ಸಿಕ್ಕಿವೆ. ನಕ್ಷೇಲಿ ಇಲ್ಲ ಅಂದ್ರೆ ಕಿತ್ತು ಹಾಕಬೇಕು. ಕಪ್ಪೆಗೇನಾದ್ರೂ ಬೇಕಾ? ಬೇಕು ಅಂದ್ರೆ ಬರವಣಿಗೆಯಲ್ಲಿ ಕೊಡಿ.'

ಹೋಗಿ ನೋಡಿದೆ. ಒಬ್ಬ ಮನುಷ್ಯ ತೆವಳಿಕೊಂಡು ಹೋಗುವಷ್ಟು ದೊಡ್ಡ ಪೈಪುಗಳು. ತಳದಲ್ಲಿ ತೇವದ ಮಣ್ಣು, ಮಣ್ಣಿನ ತುಂಬ ಕಪ್ಪೆಗಳ ಹೆಜ್ಜೆ. ನಡುವೆ ಒಂದು ಆಮೆ, ದಾರಿ ಬಿಡಿ ಅನ್ನುವ ಹಾಗೆ ನನ್ನನ್ನೇ ನೋಡುತ್ತಿತ್ತು. ಮೇಲೆ ಬಂದು ರಸ್ತೆಬದಿಯ ಸೈಕಲ್ ರಿಪೇರಿಯವರನ್ನು ಗೇಟಿನ ಬಗ್ಗೆ ಕೇಳಿದೆ. 'ಗೇಟಾ? ಎರಡನೇ ವರ್ಷವೇ ಲಾರಿ ಗುದ್ದಿ ಬಿತ್ತಲ್ಲ ಮೇಡಂ. ಆಮೇಲೆ ಯಾರು ಹಾಕಿದ್ರು?' ಅಂದರು.

ಹನ್ನೆರಡು ವರ್ಷ ಗೇಟೇ ಇಲ್ಲ. ನನಗೆ ಗೊತ್ತಾಗಲಿಲ್ಲವೇ ಅನ್ನುತ್ತೀರಿ. ನಾನು ಜೌಗಿನ ಆಚೆ ದಂಡೆಯಿಂದ ಎಣಿಸುತ್ತಿದ್ದೆ. ಆ ರಸ್ತೆಯ ಕಡೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮನೆಗೆ ಬಂದಾಗ ಅವರು ಅಂಗಿ ಇಸ್ತ್ರಿ ಮಾಡುತ್ತಿದ್ದರು.

'ರೀ, ಆ ರಸ್ತೆ ಕೆಳಗೆ ಪೈಪು ಹಾಕಿಸಿದ್ದು ನೀವಾ?'

'ಹೂಂ.'

'ಯಾಕೆ?'

'ನೀರು ಹೋಗೋಕೆ.'

'ನಾನು ಗುರುತು ಹಾಕಿದ್ದ ಏಳು ಜಾಗದಲ್ಲೇ ಇವೆ.'

'ಅವು ತಗ್ಗು ಜಾಗ. ನೀರೂ ಅಲ್ಲಿಗೇ ಬರುತ್ತೆ, ನಿನ್ನ ಕಪ್ಪೇನೂ ಅಲ್ಲಿಗೇ ಬರುತ್ತೆ.'

'ನಕ್ಷೇಲಿ ಯಾಕೆ ತೋರಿಸಲಿಲ್ಲ?'

'ಅಷ್ಟೊತ್ತಿಗೆ ವರ್ಗದ ಆರ್ಡರ್ ಬಂದಿತ್ತು. ನಕ್ಷೆ ತಿದ್ದೋಕೆ ನಾನ್ಯಾರು?' ಎಂದು ಅಂಗಿ ಮಗುಚಿ ಹಾಕಿದರು.

ಸಭಿಕರೇ, ವರ್ಗವಾದ ಮನುಷ್ಯ ಹೊರಡುವ ವಾರದಲ್ಲಿ ಬರೀ ನೀರಿಗಾಗಿ ರಸ್ತೆ ಅಗೆಸುತ್ತಾನೆಯೇ? ತನ್ನ ಮೇಲೆ ಸಾಕ್ಷಿ ಹೇಳಿದವಳ ಪುಸ್ತಕ ತೆರೆದು ನೋಡುತ್ತಾನೆಯೇ? ಅಥವಾ ಅವರು ಹೇಳಿದಂತೆ ತಗ್ಗು ತಗ್ಗೇ, ನೀರು ನೀರೇ ಇರಬಹುದೇ? ಕಪ್ಪೆ ಯಾಕೆ ಎಲ್ಲಿ ದಾಟುತ್ತದೆ ಎಂದು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ.

ಗೊತ್ತಿರುವಷ್ಟನ್ನು ಮಾಡಿದ್ದೇನೆ. ಕಪ್ಪೆ ಉಳಿದದ್ದು ಈ ಪೈಪುಗಳಿಂದ, ಇವನ್ನು ಕೀಳಬೇಡಿ ಎಂದು ಇವತ್ತು ಬೆಳಿಗ್ಗೆ ಇಲಾಖೆಗೆ ಬರೆದುಕೊಟ್ಟೆ. ನನ್ನ ತೀರ್ಮಾನ ತಪ್ಪು ಎಂದು ಪ್ರಬಂಧ ಅಚ್ಚು ಮಾಡಿದ ಪತ್ರಿಕೆಗೂ ಬರೆದೆ. ಅಧ್ಯಕ್ಷರು ದಯವಿಟ್ಟು ಮೂರನೆಯ ಸಾಲನ್ನು ಹೊಡೆದು ಹಾಕಬೇಕು. ಆ ಜಾಗದಲ್ಲಿ ಯಾರ ಹೆಸರು ಬರೆಯಬೇಕೆಂದು ನಮ್ಮ ಮನೆಯವರನ್ನೇ ಕೇಳಿದೆ. 'ಖಾಲಿ ಬಿಡು' ಅಂದರು. ಇಲ್ಲಿಗೆ ಕರೆದೆ, ಬರಲಿಲ್ಲ.

ಕೊನೆಗೆ, ನಾಳೆ ಬೆಳಿಗ್ಗೆ ಪೈಪುಗಳ ಅಳತೆ ತೆಗೆಯಬೇಕು, ಟೇಪಿನ ಇನ್ನೊಂದು ತುದಿ ಹಿಡಿಯಲು ಬರುತ್ತೀರಾ ಎಂದು ಕೇಳಿದೆ.

'ಎಷ್ಟು ಹೊತ್ತಿಗೆ?'

'ಏಳಕ್ಕೆ.'

'ಏಳು ತಡ ಆಯ್ತು. ಐದೂವರೆಗೆಲ್ಲ ಹೋಗಬೇಕು. ಬೆಳಕು ಜಾಸ್ತಿ ಆದ್ರೆ ಅವು ದಾಟಿ ಮುಗಿಸಿರ್ತವೆ' ಅಂದರು.

ಅದು ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಬೇಗ ಏಳಬೇಕಾಗಿದೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.