ಅಕ್ಕ ತಂಗಿಯರ ಬಗ್ಗೆ ನಾನು ಬರೆದ ಪತ್ರ

ಮಾನ್ಯ ಅಧ್ಯಕ್ಷರೇ, ನನ್ನ ಗುರುತು ನನಗೇ ಸಿಗದಷ್ಟು ಚೆನ್ನಾಗಿ ನನ್ನನ್ನು ಪರಿಚಯಿಸಿದ ಕಾರ್ಯದರ್ಶಿಗಳೇ, ವೇದಿಕೆಯ ಮೇಲಿನ ಅತಿಥಿಗಳೇ, ಸೇವಾ ಸಂಘದ ಸದಸ್ಯರೇ, ಹಿಂದಿನ ಸಾಲಿನಲ್ಲಿ ಕೂತು ಈ ಭಾಷಣ ಯಾವಾಗ ಮುಗಿಯುತ್ತದೋ ಎಂದು ನೋಡುತ್ತಿರುವ ನಮ್ಮ ನಿಲಯದ ಮಕ್ಕಳೇ, ಹಾಗೂ ಸಭಿಕರೇ,

ಇಪ್ಪತ್ತೆಂಟು ವರ್ಷ ನಾನು ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಭಾಷಣ ಮಾಡಿದವಳಲ್ಲ, ಬೇರೆಯವರ ಭಾಷಣ ಟೈಪು ಮಾಡಿಕೊಟ್ಟವಳು. ಆದ್ದರಿಂದ ಎಲ್ಲಿ ಚಪ್ಪಾಳೆ ಬೀಳಬೇಕೆಂದು ಗೊತ್ತು, ಬೀಳಿಸುವುದು ಹೇಗೆಂದು ಗೊತ್ತಿಲ್ಲ. ಇವತ್ತು ಚಪ್ಪಾಳೆ ಬೇಕಾಗಿಯೂ ಇಲ್ಲ.

ಕಾರ್ಯದರ್ಶಿಗಳು ನನ್ನನ್ನು ಮನೆಯಿಲ್ಲದ ಮಕ್ಕಳ ತಾಯಿ ಎಂದರು. ಒಳ್ಳೆಯ ಮನಸ್ಸಿನಿಂದ ಅಂದರು. ಆದರೆ ಆ ಮಾತನ್ನು ಹೊತ್ತುಕೊಂಡು ನಾನು ಈ ವೇದಿಕೆಯಿಂದ ಇಳಿಯಲಾರೆ. ಯಾಕೆಂದು ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ ನಮ್ಮ ಶಾಲೆಯಲ್ಲಿ ಅಕ್ಕ ತಂಗಿ ಇಬ್ಬರು ಓದುತ್ತಿದ್ದರು. ಅಕ್ಕ ಹತ್ತನೇ ತರಗತಿ, ತಂಗಿ ಮೂರನೆಯದು. ತಂಗಿ ಅಕ್ಕನ ಬೆನ್ನು ಬಿಡುತ್ತಿರಲಿಲ್ಲ, ಅದಕ್ಕೇ ಎಲ್ಲರೂ ಅವಳನ್ನು ಬಾಲ ಎಂದು ಕರೆಯುತ್ತಿದ್ದರು. ಹಾಗೆ ಕರೆದರೆ ಅವಳೂ ನಗುತ್ತಿದ್ದಳು. ತಂದೆ ಮೊದಲೇ ಇರಲಿಲ್ಲ. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ತಾಯಿ ಆ ವರ್ಷ ಜ್ವರದಲ್ಲಿ ತೀರಿಕೊಂಡರು. ಇದು ನಮಗೆ ಗೊತ್ತಿತ್ತು, ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ನಿಮಿಷ ಮೌನವನ್ನೂ ಆಚರಿಸಿದ್ದೆವು. ಆ ಒಂದು ನಿಮಿಷ ಮುಗಿದ ಮೇಲೆ ಈ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂದು ನಮ್ಮಲ್ಲಿ ಯಾರಾದರೂ ಕೇಳಿದೆವೇ? ಇಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ, ಅಕ್ಕನ ಮನೆಗೆ ಶಾಲೆಯಿಂದ ಕಳಿಸಿದ ಪತ್ರ ವಾಪಸು ಬಂತು. ಅವಳನ್ನು ಕರೆಸಿ ಕೇಳಿದೆ. ಮನೆ ಬದಲಾಯಿಸಿದೆವು ಎಂದಳು. ಎಲ್ಲಿಗೆ ಎಂದೆ. ಒಂದು ಬೀದಿಯ ಹೆಸರು ಹೇಳಿದಳು. ಆ ಬೀದಿಯಲ್ಲಿ ಆಸ್ಪತ್ರೆಯ ಉದ್ದ ಗೋಡೆ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಮನೆಯೇ ಇಲ್ಲವಲ್ಲ ಎಂದೆ. ಆಮೇಲೆ ನಿಜ ಹೇಳಿದಳು. ಮನೆಯ ಮಾಲೀಕರು ಖಾಲಿ ಮಾಡಿಸಿದ್ದರು. ತಾಯಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ, ರೋಗಿಗಳ ಕಡೆಯವರು ಕೂರುವ ಬೆಂಚುಗಳ ಮೇಲೆ, ನಾಲ್ಕು ತಿಂಗಳಿಂದ ಇಬ್ಬರೂ ಮಲಗುತ್ತಿದ್ದರು.

"ಕೈಯಲ್ಲೊಂದು ಫ್ಲಾಸ್ಕ್ ಇದ್ರೆ ಯಾರೂ ಕೇಳಲ್ಲ ಮೇಡಂ," ಎಂದಳು. "ರೋಗಿ ಕಡೆಯವ್ರು ಅಂದ್ಕೋತಾರೆ."

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಬಂದು ಶಾಲೆಯ ನಲ್ಲಿಯಲ್ಲಿ ತಲೆ ತೊಳೆದುಕೊಳ್ಳುತ್ತಿದ್ದರಂತೆ. ಅಂತೆ ಏನು, ನಾನೇ ನೋಡಿದ್ದೆ. ಅಕ್ಕ ತಂಗಿಯ ಒದ್ದೆ ಕೂದಲು ಬಾಚುತ್ತಿದ್ದಳು. ನೆಲವೆಲ್ಲ ನೀರು ಮಾಡುತ್ತೀರಿ ಎಂದು ನಾನು ಗದರಿದ್ದೆ.

ಅಂದು ಅವಳು ನನ್ನನ್ನು ಒಂದು ಮಾತು ಕೇಳಿದಳು. "ಮೇಡಂ, ಪರೀಕ್ಷೆ ಮುಗಿಯೋವರೆಗೆ ನಿಮ್ಮನೇಲಿ ಇರಬಹುದಾ? ಇಬ್ರೂ ಒಂದೇ ಹಾಸಿಗೇಲಿ ಮಲಗ್ತೀವಿ. ತಂಗಿ ಗಲಾಟೆ ಮಾಡಲ್ಲ."

ನೋಡೋಣ ಎಂದೆ.

ಸಭಿಕರೇ, ಆಗ ನನ್ನ ಮನೆಯಲ್ಲಿ ಮೂರು ಕೋಣೆಗಳಿದ್ದವು, ಇದ್ದವಳು ನಾನೊಬ್ಬಳು. ನನ್ನ ಯಜಮಾನರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ತೀರಿಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅವರ ಕೋಣೆಯನ್ನು ನಾನು ಹಾಗೇ ಇಟ್ಟಿದ್ದೆ. ಬಿಚ್ಚಿದ ರೇಡಿಯೋಗಳು, ತಂತಿ, ಬಟ್ಟಲಲ್ಲಿ ಸಣ್ಣ ಸಣ್ಣ ಸ್ಕ್ರೂಗಳು. ಪ್ರತಿ ಭಾನುವಾರ ಒಂದೊಂದನ್ನೂ ಎತ್ತಿ ಒರೆಸಿ ಇದ್ದಲ್ಲೇ ಇಡುತ್ತಿದ್ದೆ. ಮಕ್ಕಳು ಬಂದರೆ ಆ ಸ್ಕ್ರೂಗಳು ಚೆಲ್ಲಾಪಿಲ್ಲಿಯಾಗುತ್ತವಲ್ಲ ಎಂಬ ಚಿಂತೆ ನನಗೆ. ಹೌದು, ಸ್ಕ್ರೂಗಳ ಚಿಂತೆ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಇರಲಿ ಬಿಡಿ.

ಎರಡು ದಿನ ಅವಳು ಶಾಲೆ ಬಿಟ್ಟ ಮೇಲೆ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ಮತ್ತೆ ಕೇಳಲಿಲ್ಲ. ನಾನು ತಲೆಯೆತ್ತಲಿಲ್ಲ. ಮೂರನೆಯ ದಿನ ಮಕ್ಕಳ ಕಲ್ಯಾಣ ಕಚೇರಿಗೆ ನಾಲ್ಕು ಸಾಲಿನ ಪತ್ರ ಬರೆದೆ. ಒಂದೂ ತಪ್ಪಿಲ್ಲದ ಪತ್ರ. ಕೊನೆಯಲ್ಲಿ ಸೂಕ್ತ ಕ್ರಮಕ್ಕಾಗಿ ಎಂದು ಬರೆದಿದ್ದೆ. ಸೂಕ್ತ ಕ್ರಮ ಅಂದರೆ ಏನು? ಬರೆದವಳಿಗೇ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಲೂ ಇಲ್ಲ. ಮಕ್ಕಳ ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡೆ, ಆ ದಿನ ಹಗುರಾಗಿ ಮನೆಗೆ ಹೋದೆ.

ವಾರದೊಳಗೆ ಎರಡು ಗಾಡಿ ಬಂದವು. ದೊಡ್ಡ ಹುಡುಗಿಯರ ನಿಲಯ ಒಂದು ಊರಲ್ಲಿ, ಚಿಕ್ಕ ಮಕ್ಕಳದು ಇನ್ನೊಂದು ಊರಲ್ಲಿ. ಅದು ನಿಯಮ. ಅಕ್ಕ ಇನ್ನೂ ತರಗತಿಯಲ್ಲಿದ್ದಳು. ಚಿಕ್ಕವಳನ್ನು ಗೇಟಿನವರೆಗೆ ಕೈಹಿಡಿದು ಕರೆದುಕೊಂಡು ಹೋದವಳು ನಾನು. ಅವಳು ಅಳಲಿಲ್ಲ. ಗಾಡಿ ಹತ್ತಿ ಕೂತು ನನ್ನನ್ನು ಕೇಳಿದಳು, "ಅಕ್ಕ ಹಿಂದಿನ ಗಾಡೀಲಿ ಬರ್ತಾಳಾ?"

"ಬರ್ತಾಳೆ ಪುಟ್ಟಾ," ಎಂದೆ.

(ಒಂದು ನಿಮಿಷ ಕ್ಷಮಿಸಿ. ನೀರು ಕುಡಿಯುತ್ತೇನೆ.)

ಅಕ್ಕ ಆ ಪರೀಕ್ಷೆ ಬರೆಯಲಿಲ್ಲ. ತಿಂಗಳೊಳಗೆ ನಿಲಯದಿಂದ ತಪ್ಪಿಸಿಕೊಂಡು ತಂಗಿಯನ್ನು ಹುಡುಕಿಕೊಂಡು ಹೋದಳಂತೆ. ಆಮೇಲೆ ಅವಳ ಸುದ್ದಿಯೇ ಇಲ್ಲ. ತಂಗಿಯನ್ನು ಒಂದು ಕುಟುಂಬ ದತ್ತು ತೆಗೆದುಕೊಂಡಿತು ಎಂದಷ್ಟೇ ತಿಳಿಯಿತು. ನಾನು ಯಜಮಾನರ ಕೋಣೆಯನ್ನು ಖಾಲಿ ಮಾಡಿದೆ. ಯಾರಿಗಾಗಿ ಮಾಡಿದೆನೋ, ಅವರು ಬರುವಂತಿರಲಿಲ್ಲ.

ಮರುವರ್ಷ ಈ ಸಂಘದ ತಿಂಗಳ ಸಭೆಗೆ ಬಂದು ಐದು ನಿಮಿಷ ಮಾತಾಡಲು ಅವಕಾಶ ಕೇಳಿದೆ. ಅಂದು ನೀವು ಬಡ ಮಕ್ಕಳಿಗೆ ಸಂಘದ ಹೆಸರಿರುವ ಚೀಲ ಹಂಚುವ ಚರ್ಚೆಯಲ್ಲಿದ್ದಿರಿ. ಹೆಸರು ಕೆಂಪಕ್ಷರದಲ್ಲಿರಬೇಕೋ ನೀಲಿಯಲ್ಲೋ ಎಂದು ಅರ್ಧ ಗಂಟೆ ಮಾತಾಯಿತು. ನಗಬೇಡಿ, ನೀಲಿಯ ಪರ ಇದ್ದವರು ಇವತ್ತು ಇಲ್ಲೇ ಇದ್ದಾರೆ. ನಾನು ಈ ಅಕ್ಕ ತಂಗಿಯ ಕಥೆ ಹೇಳಿದೆ. ಕೋಣೆಯ ವಿಷಯ ಬಿಟ್ಟು ಹೇಳಿದೆ, ಪತ್ರದ ವಿಷಯವನ್ನೂ ಬಿಟ್ಟೆ.  ಆಗ ನಮ್ಮ ಸಂಘದ ಹಲ್ಲಿನ ವೈದ್ಯರು, "ಚೀಲ ಕೊಡೋಣ ರೀ, ಆದ್ರೆ ಅದನ್ನ ಮನೆಗೆ ಹೋಗಿ ಎಲ್ಲಿ ಇಡ್ತಾವೆ ಆ ಮಕ್ಕಳು?" ಎಂದರು. ಈ ನಿಲಯ ಹುಟ್ಟಿದ್ದು ಆ ಪ್ರಶ್ನೆಯಿಂದ, ನನ್ನಿಂದಲ್ಲ. ಬೆಳಿಗ್ಗೆ ಐದಕ್ಕೇ ತೆರೆಯುವ ಬಚ್ಚಲು, ಬೀಗವಿರುವ ಕಪಾಟು, ಓದಲು ಮೇಜು, ಮೂವತ್ತೊಂದು ಮಕ್ಕಳಿಗೆ ಹಾಸಿಗೆ. ಒಡಹುಟ್ಟಿದವರನ್ನು ಬೇರೆ ಮಾಡಬಾರದು ಎಂಬ ಮೊದಲ ನಿಯಮವನ್ನು ಮಾತ್ರ ನಾನು ಹಟ ಹಿಡಿದು ಬರೆಸಿದೆ. ಯಾಕೆ ಅಷ್ಟು ಹಟ ಎಂದು ಅಧ್ಯಕ್ಷರು ಅಂದು ಕೇಳಿದ್ದರು. ಉತ್ತರ ಇವತ್ತು ಸಿಕ್ಕಿತಲ್ಲ ಅಧ್ಯಕ್ಷರೇ.

ಹಲವರನ್ನು ವಿಚಾರಿಸಿ ಹುಡುಕಿದ ಮೇಲೆ, ಕಳೆದ ತಿಂಗಳು ಆ ಅಕ್ಕ ಸಿಕ್ಕಿದಳು. ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳಿಗೆ ಇಸ್ತ್ರಿ ಮಾಡುತ್ತಾಳೆ. ಈಗ ಅವಳಿಗೆ ಇಪ್ಪತ್ತೈದು ವರ್ಷ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು, ಇಸ್ತ್ರಿ ನಿಲ್ಲಿಸಲಿಲ್ಲ. ನಾನು ಪತ್ರದ ವಿಷಯ, ಕೋಣೆಯ ವಿಷಯ ಎಲ್ಲ ಹೇಳಿದೆ. ಪತ್ರ ಬರೆದದ್ದು ನಾನೇ ಎಂದು ಅವಳಿಗೆ ಮೊದಲೇ ಗೊತ್ತಿತ್ತಂತೆ. ನಮ್ಮ ಈ ನಿಲಯದ ವಿಷಯ ತಿಳಿಸಿ, ಈ ಸಮಾರಂಭಕ್ಕೆ ಬಾ ಎಂದು ಕರೆದೆ.

"ಬರಲ್ಲ ಮೇಡಂ," ಎಂದಳು. "ಒಳ್ಳೇ ಕೆಲಸ ಮಾಡಿದೀರಿ. ಆದ್ರೆ ಅದನ್ನ ನಮಗೋಸ್ಕರ ಮಾಡಿದ್ದು ಅಂತ ಎಲ್ಲೂ ಹೇಳ್ಬೇಡಿ. ನಮಗೆ ಅದು ಸಿಗಲಿಲ್ಲ."

ಆದ್ದರಿಂದ ಹೇಳುತ್ತಿಲ್ಲ. ತಾಯಿ ಎಂಬ ಮಾತನ್ನು ಅದಕ್ಕೇ ಇಲ್ಲೇ ಬಿಟ್ಟು ಹೋಗುತ್ತಿದ್ದೇನೆ.

ತಂಗಿಗೆ ಈಗ ಹದಿನೇಳು. ದತ್ತು ಹೋದ ಮಗುವಿನ ಕಡತ ನೋಡಲು ರಕ್ತಸಂಬಂಧಿಯೇ ಅರ್ಜಿ ಹಾಕಬೇಕು ಎಂದು ನಮ್ಮ ಸಂಘದ ವಕೀಲರು ತಿಳಿಸಿದರು. ಕಳೆದ ವಾರ ಆ ಅರ್ಜಿಯನ್ನು ಅಕ್ಕನ ಮುಂದಿಟ್ಟೆ. ಎರಡು ಸಲ ಓದಿ ಸಹಿ ಹಾಕಿದಳು. ಕಡತ ಸಿಗುತ್ತದೋ ಇಲ್ಲವೋ, ಸಿಕ್ಕರೂ ಆ ಹುಡುಗಿ ಅಕ್ಕನನ್ನು ನೋಡಲು ಒಪ್ಪುತ್ತಾಳೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಸೋಮವಾರ ನ್ಯಾಯಾಲಯದಲ್ಲಿ ವಿಚಾರಣೆ. ಅವಳು ಅರ್ಧ ದಿನ ರಜೆ ಕೇಳಿದ್ದಾಳೆ. ನಾನೂ ಬರಲೇ ಎಂದು ಕೇಳಿದೆ. "ಬನ್ನಿ," ಎಂದಳು. "ಒಳಗೆ ಬರ್ಬೇಡಿ. ಹೊರಗೆ ಕೂತಿರಿ."

ಸೋಮವಾರ ನಾನು ಹೊರಗೆ ಕೂತಿರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲರಿಗೂ, ಮಧ್ಯೆ ಎದ್ದು ಹೋಗದ ಮಕ್ಕಳಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.