ಪಾರಿವಾಳದ ಪಾಲಿನ ಜೋಳ

ಒಂದೂರಲ್ಲಿ ಒಬ್ಬ ಶ್ರೀಮಂತೆ ಇದ್ದಳು. ಕೊಡುಗೈ ದಾನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡುಗೆಮನೆಯ ಮಡಿಯಲ್ಲಿ ಮಾತ್ರ ಬಲು ಬಿಗಿ. ನೋಡಿ, ಹೆತ್ತ ಮಗಳೂ ಒಲೆ ಮುಟ್ಟುವಂತಿರಲಿಲ್ಲ!

ಆ ವರ್ಷ ಬಡಗಣ ಸೀಮೆಯಲ್ಲಿ ಹೊಳೆ ಉಕ್ಕಿ ಒಂದು ಹಳ್ಳಿಯೇ ಮುಳುಗಿತು. ಅಲ್ಲಿಯ ಗಂಡ ಹೆಂಡತಿ ಇಬ್ಬರು ಮಗಳೊಂದಿಗೆ ಗಂಜಿಕೇಂದ್ರ ಸೇರಿದ್ದರು. ಅವರು ಮತ್ತೆ ಮನೆ ಕಟ್ಟಿಕೊಳ್ಳುವ ತನಕ ಅವರ ಹತ್ತು ವರ್ಷದ ಮಗಳನ್ನು ಈಕೆ ತನ್ನ ಮನೆಗೆ ಕರೆತಂದಳು. ಪುಣ್ಯದ ಕೆಲಸ, ಅಲ್ಲವೇ? ಸಣ್ಣಕ್ಕಿ ಅನ್ನ, ತುಪ್ಪ, ಪಾಯಸ ಎಲ್ಲ ಬಡಿಸಿದಳು. ಹುಡುಗಿ ಎರಡು ತುತ್ತು ತಿಂದು ಎದ್ದುಬಿಡುವಳು. ಎಂಟು ದಿನದಲ್ಲಿ ಮಗುವಿನ ಮುಖ ಬಾಡಿಹೋಯಿತು.

"ಏನು ಕಮ್ಮಿ ಮಾಡಿದ್ದೀನಮ್ಮಾ ನಿಂಗೆ?"

"ಏನೂ ಕಮ್ಮಿ ಇಲ್ರೀ ಅಮ್ಮಾರ. ಹಸಿವಿಲ್ರೀ."

ಶ್ರೀಮಂತೆಗೆ ಒಳಗೊಳಗೇ ಸಿಟ್ಟು. ಇಷ್ಟು ಮಾಡಿದರೂ ಇಷ್ಟೇನಾ! ಇನ್ನೆರಡು ದಿನ ನೋಡಿ ಗಂಜಿಕೇಂದ್ರಕ್ಕೇ ವಾಪಸು ಕಳಿಸಿಬಿಡೋಣ ಎಂದುಕೊಂಡಳು.

ಮಾರನೆಯ ಬೆಳಿಗ್ಗೆ ಆಕೆ ಎಂದಿನಂತೆ ಅಂಗಳದಲ್ಲಿ ಪಾರಿವಾಳಗಳಿಗೆ ಕಾಳು ಎರಚುತ್ತಿದ್ದಳು. ಹುಡುಗಿ ಓಡಿ ಬಂದು ನೆಲದಿಂದ ಆಯತೊಡಗಿದಳು.

"ಅಯ್ಯ ಅಮ್ಮಾರ, ಇದು ಬಿಳಿಜ್ವಾಳರೀ! ಹಕ್ಕಿಗೆ ಚೆಲ್ಲತೀರಲ್ರೀ? ನಮ್ಮವ್ವ ಇದರ ರೊಟ್ಟಿ ಬಡೀತಾಳ್ರೀ. ನನಗೂ ಬರ್ತೈತಿ."

ಶ್ರೀಮಂತೆ ಪೆಚ್ಚಾದಳು. ಮಗುವಿನ ಊಟವನ್ನು ದಿನಾ ಹಕ್ಕಿಗೆ ಚೆಲ್ಲಿದ್ದಳು! ಜೋಳ ಬೀಸಿಸುವುದು ಸುಲಭ. ಆದರೆ ಆ ಮನೆಯಲ್ಲಿ ರೊಟ್ಟಿ ಬಡಿಯಲು ಯಾರಿಗೆ ಬರುತ್ತದೆ? ಬರುವವಳಿಗೆ ಒಲೆ ಬಿಟ್ಟುಕೊಡಬೇಕು. ಮಡಿಯೋ, ಮಗುವೋ? ಒಂದು ಗಳಿಗೆ ಒದ್ದಾಡಿದಳು. ಮಧ್ಯಾಹ್ನ ಹಿಟ್ಟು ಬಂದಾಗ ತಾನೇ ಒಲೆಯ ಮುಂದಿನಿಂದ ಎದ್ದು, "ಬಾಮ್ಮ, ಮಾಡು" ಎಂದಳು.

ಹುಡುಗಿ ಬಿಸಿನೀರು ಹಾಕಿ ಹಿಟ್ಟು ನಾದಿದಳು, ಪಟಪಟ ಬಡಿದಳು. ಮೊದಲನೆಯದು ಹರಿಯಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದು ಉಬ್ಬಿತು ನೋಡಿ! ಮೂರನ್ನೂ ತಿಂದಳು. ನಾಲ್ಕನೆಯದನ್ನು ಶ್ರೀಮಂತೆಯ ತಟ್ಟೆಗೆ ಹಾಕಿ, "ಬಿಸಿ ಐತಿ, ಈಗ ತಿನ್ರೀ ಅಮ್ಮಾರ" ಎಂದು ಬಾಯ್ತುಂಬ ನಕ್ಕಳು. ಶ್ರೀಮಂತೆಯ ಕಣ್ಣು ತುಂಬಿತು. ಗಂಜಿಕೇಂದ್ರದ ಮಾತು ಮತ್ತೆ ಎತ್ತಲಿಲ್ಲ.

ಕಥೆ ಕೇಳಿ ತಲೆದೂಗಿದಿರಿ, ಸರಿ. ತಾಯಂದಿರೇ, ನಿಮ್ಮ ಮನೆಗೆ ಸೊಸೆ ಬಂದು ಎಷ್ಟು ವರ್ಷವಾಯಿತು? ಅವಳ ತವರಿನ ಸಾರು ಒಂದು ದಿನವಾದರೂ ನಿಮ್ಮ ಎಲೆಗೆ ಬಿದ್ದಿದೆಯೇ? ಗಂಡಸರೇ, ನಗಬೇಡಿ. ನಿಮ್ಮ ಹೆಂಡತಿ ಚಿಕ್ಕಂದಿನಲ್ಲಿ ಏನನ್ನು ಆಸೆಪಟ್ಟು ತಿನ್ನುತ್ತಿದ್ದಳು, ಹೇಳಿ ನೋಡೋಣ! ಗೊತ್ತಿಲ್ಲ, ಅಲ್ಲವೇ? ಇವತ್ತು ಮನೆಗೆ ಹೋದ ಕೂಡಲೇ ಕೇಳಿ. ನಾಳೆ ಅದನ್ನೇ ಮಾಡಿಸಿ. ಮಾಡಿದವರ ಪಕ್ಕದಲ್ಲೇ ಕುಳಿತು, ಖಾರ ಹೆಚ್ಚಾದರೂ ಗೊಣಗದೆ, ಒಟ್ಟಿಗೆ ತಿನ್ನಿ.